ಅಜ್ಜಿಗೆ ಊಟ ಹಾಕುವ ಹೊತ್ತು

ನಮ್ಮ ಬೇಕರಿಯ ಹಿಂದಿನ ಕೋಣೆಯಲ್ಲಿ, ಭಟ್ಟಿಯ ಬಿಸಿ ಹದವಾಗಿ ತಾಗುವ ಮೂಲೆಯ ಕಪಾಟಿನಲ್ಲಿ, ಒಂದು ಪಿಂಗಾಣಿ ಜಾಡಿಯಿದೆ. ಅದರೊಳಗೆ ಇರುವುದು ಬ್ರೆಡ್ಡನ್ನು ಉಬ್ಬಿಸುವ ಹುಳಿಹಿಟ್ಟು. ಹಾಗಂತ ನಮ್ಮ ಮನೆಯಲ್ಲಿ ಯಾರೂ ಅದನ್ನು ಹುಳಿಹಿಟ್ಟು ಎಂದು ಕರೆಯುವುದಿಲ್ಲ. ಮಾವನ ಅಜ್ಜಿ ಮದುವೆಯಾಗಿ ಬರುವಾಗ ತವರಿನಿಂದ ತಂದದ್ದಂತೆ. ಆ ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು, ಹಿಟ್ಟು ಮಾತ್ರ ಇನ್ನೂ ಬದುಕಿದೆ. ಹಾಗಾಗಿ ಅದಕ್ಕೆ ಅಜ್ಜಿ ಎಂದೇ ಹೆಸರು. ದಿನಾ ಬೆಳಿಗ್ಗೆ ಅದರಿಂದ ಬೇಕಾದಷ್ಟು ತೆಗೆದುಕೊಂಡು, ಉಳಿದದ್ದಕ್ಕೆ ಹೊಸ ಹಿಟ್ಟು ನೀರು ಕೊಟ್ಟು ಕಲಸಿಡಬೇಕು. ಅದನ್ನು ನಾವು ಅಜ್ಜಿಗೆ ಊಟ ಹಾಕುವುದು ಎನ್ನುತ್ತೇವೆ. "ಅಜ್ಜಿಗೆ ಊಟ ಆಯ್ತಾ?" ಎಂದು ಅತ್ತೆ ಗಲ್ಲಾದಿಂದ ಕೂಗುವುದನ್ನು ಕೇಳಿ ಹೊಸ ಗಿರಾಕಿಯೊಬ್ಬರು, ಒಳಗೆ ಹಾಸಿಗೆ ಹಿಡಿದ ಮುದುಕಿ ಇದ್ದಾರೆಂದುಕೊಂಡು ಒಂದು ಚೀಲ ಕಿತ್ತಳೆ ಹಣ್ಣು ತಂದುಕೊಟ್ಟಿದ್ದರು. ಅತ್ತೆ ಮುಖ ಗಂಭೀರ ಮಾಡಿಕೊಂಡು, "ಈಗ ಮಲಗಿದಾರೆ, ಎದ್ಮೇಲೆ ಕೊಡ್ತೀನಿ" ಎಂದು ತೆಗೆದಿಟ್ಟುಕೊಂಡರು. ಹಣ್ಣು ತಿಂದದ್ದು ನನ್ನ ಗಂಡ.

ನಾನು ಈ ಮನೆಗೆ ಸೊಸೆಯಾಗಿ ಬಂದವಳು. ಮೊದಮೊದಲು ನನ್ನನ್ನು ಅತ್ತೆಯ ಪಕ್ಕ ಗಲ್ಲಾದಲ್ಲಿ ಕೂರಿಸಿದ್ದರು. ಬಂದವರ ಜೊತೆ ನಗುನಗುತ್ತಾ ಮಾತಾಡುವುದು ಅತ್ತೆಗೆ ನೀರು ಕುಡಿದಷ್ಟು ಸಲೀಸು. ನನಗೋ ಕೋಪ ಮೂಗಿನ ತುದಿಯಲ್ಲೇ. ಬ್ರೆಡ್ಡನ್ನು ಹೆಬ್ಬೆರಳಿನಿಂದ ಒತ್ತಿ ಗುಂಡಿ ಬೀಳಿಸಿ, ಬೇಡವೆಂದು ವಾಪಸ್ಸಿಡುವವರನ್ನು ಕಂಡರೆ ಮೈ ಉರಿಯುತ್ತಿತ್ತು. ಒಮ್ಮೆ ಒಬ್ಬರಿಗೆ, "ಒತ್ತಿದ್ದೂ ನೀವೇ, ತಗೊಂಡ್ ಹೋಗೋದೂ ನೀವೇ" ಎಂದುಬಿಟ್ಟೆ. ಮರುದಿನವೇ ಮಾವ ನನ್ನನ್ನು ಒಳಗೆ, ಭಟ್ಟಿ ಮನೆಗೆ ಕರೆದುಕೊಂಡರು. ಶಿಕ್ಷೆ ಎಂದುಕೊಂಡು ಹೋದೆ. ಹಿಟ್ಟು ಕಲಸುವ ಆ ಉದ್ದ ಮರದ ಮೇಜಿನ ಮುಂದೆ ನಿಂತ ಮೇಲೆ ಮತ್ತೆ ಗಲ್ಲಾದ ಕಡೆ ತಿರುಗಿಯೂ ನೋಡಲಿಲ್ಲ.

ಮಾವನಿಗೆ ಕೆಲವು ವರ್ಷಗಳ ಹಿಂದೆ ಒಂದು ಜ್ವರ ಬಂದಿತ್ತು. ಅದು ಹೋಗುವಾಗ ಅವರ ಮೂಗನ್ನೂ ಕಟ್ಟಿಕೊಂಡು ಹೋಯಿತು. ಮೂಗು ಇದ್ದಲ್ಲೇ ಇತ್ತು, ವಾಸನೆ ಹೋಗಿತ್ತು. ಬ್ರೆಡ್ ಮಾಡುವವನಿಗೆ ವಾಸನೆ ತಿಳಿಯದೆ ಹೋದರೆ ಏನು ಗತಿ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಒಂದು ದಿನ ಅವರು ಭಟ್ಟಿಯಿಂದ ಮೊದಲ ಬ್ರೆಡ್ಡನ್ನು ತೆಗೆದು, ಮುರಿದು, ನನ್ನ ಕೈಗಿಟ್ಟು, "ಹೇಗಿದೆ ಹೇಳು" ಅಂದರು. ನಾನು ಅಗಿದು ನೋಡಿ, "ಉಪ್ಪು ಚೂರು ಹಿಂದಿದೆ, ಹುಳಿ ಸರಿಯಾಗಿದೆ, ತಳ ಇನ್ನೊಂದು ಗಳಿಗೆ ಬೇಯಬೇಕಿತ್ತು" ಅಂದೆ. ಅವರು ಸುಮ್ಮನೆ ತಲೆಯಾಡಿಸಿ ಉಳಿದವನ್ನು ಮತ್ತೆ ಒಳಗೆ ತಳ್ಳಿದರು. ಅಂದಿನಿಂದ ಅದೇ ಪದ್ಧತಿಯಾಯಿತು. ಬೆಳಿಗ್ಗೆ ನಾನು ಮೊದಲ ತುಂಡು ತಿಂದು "ಹೋಗಲಿ" ಎನ್ನುವ ತನಕ ಒಂದು ಬ್ರೆಡ್ಡೂ ಗಲ್ಲಾದ ಕಡೆ ಹೋಗುವಂತಿಲ್ಲ. ಸ್ವಂತ ಮಗನನ್ನು ಬಿಟ್ಟು ನನ್ನ ನಾಲಿಗೆಯನ್ನು ನಂಬಿದರಲ್ಲ ಎಂದು ನನಗೆ ಒಳಗೊಳಗೇ ಬಹಳ ಹೆಮ್ಮೆಯಿತ್ತು.

ಅಂಥವಳಿಗೆ ಬ್ರೆಡ್ಡೇ ಆಗದಂತಾಯಿತು.

ಶುರುವಾದದ್ದು ಯಾವಾಗ ಎಂದು ಹೇಳಲಾರೆ. ಮೊದಲು ಹೊಟ್ಟೆಯುಬ್ಬರ. ಬೆಳಿಗ್ಗೆ ಕಟ್ಟಿದ ಲಂಗದ ಲಾಡಿಯನ್ನು ಮಧ್ಯಾಹ್ನ ಸಡಿಲಿಸಬೇಕು. ಆಮೇಲೆ ಬೆರಳ ಗೆಣ್ಣುಗಳಲ್ಲಿ ನೋವು, ತಲೆಯೊಳಗೆ ಹತ್ತಿ ತುರುಕಿದ ಹಾಗೆ ಮಂಕು, ಹೇಳದೆ ಕೇಳದೆ ಬರುವ ಭೇದಿ. ಮೇಜಿಗೂ ಬಚ್ಚಲಿಗೂ ನಡುವೆ ನಾನು ಓಡಾಡುವುದನ್ನು ನೋಡಿ ಅತ್ತೆ ಬೇರೇನೋ ಎಣಿಕೆ ಹಾಕಿ ಒಳಗೊಳಗೇ ಖುಷಿಪಟ್ಟರು, ಪಾಪ. ಅದಲ್ಲ ಎಂದು ತಿಳಿದಾಗ ಅವರ ಮುಖ ನೋಡಲಾಗಲಿಲ್ಲ.

ಅಷ್ಟರಲ್ಲಿ ತವರಿಗೆ ಹೋಗಿ ಕೆಲವು ದಿನ ಇದ್ದು ಬಂದೆ. ಅಲ್ಲಿ ಅಮ್ಮ ಎರಡು ಹೊತ್ತೂ ಅನ್ನವನ್ನೇ ಬಡಿಸಿದಳು. ಹೊಟ್ಟೆ ತಣ್ಣಗಾಯಿತು, ಗೆಣ್ಣು ನೋವು ಮಾಯವಾಯಿತು. ವಾಪಸ್ಸು ಬಂದು ಇದನ್ನು ಹೇಳಿದರೆ ಅತ್ತೆ, "ತವರಿನ ನೀರು ಎಲ್ಲರಿಗೂ ಒಗ್ಗುತ್ತಮ್ಮ, ನನಗೂ ಒಗ್ಗುತ್ತಿತ್ತು" ಎಂದು ನಕ್ಕರು. ನನ್ನ ಗಂಡ ಮಾತ್ರ ತಟ್ಟೆ ತೊಳೆಯುತ್ತಾ, "ಅಲ್ಲಿ ನೀನು ಬ್ರೆಡ್ ತಿಂದೇ ಇಲ್ವಲ್ಲ" ಅಂದ. ಇಷ್ಟು ಸಣ್ಣ ವಿಷಯ ನನಗೇಕೆ ಹೊಳೆಯಲಿಲ್ಲವೋ. ಆವತ್ತಿನಿಂದ ಗೋಧಿ ಬಿಟ್ಟೆ. ಮೊದಲ ತುಂಡನ್ನು ಮೂಸಿ, ತಳವನ್ನು ಬೆರಳಲ್ಲಿ ತಟ್ಟಿ ಸದ್ದು ಕೇಳಿ, ತಿಂದ ಹಾಗೆ ಮಾಡಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡು "ಹೋಗಲಿ" ಎನ್ನತೊಡಗಿದೆ. ನಿಜಕ್ಕೂ ಹುಷಾರಾದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಮುಖಕ್ಕೆ ಬಣ್ಣ ಬಂತು.

ಇದಕ್ಕೊಂದು ಹೆಸರಿರಬೇಕಲ್ಲ ಎಂದು ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ರಕ್ತ ತೆಗೆಸಿದರು. ಸೀಲಿಯಾಕ್ ಎಂಬ ಕಾಯಿಲೆ ಇದೆಯಂತೆ, ಗೋಧಿಯಲ್ಲಿರುವ ಗ್ಲೂಟೆನ್ ಎಂಬ ಅಂಟು ಕೆಲವರ ಕರುಳಿಗೆ ಆಗದಂತೆ, ಅದನ್ನು ನೋಡೋಣ ಅಂದರು. ಫಲಿತಾಂಶ ಬಂತು. ಏನೂ ಇಲ್ಲ.

"ಗೋಧಿ ತಿನ್ನೋದು ಯಾವಾಗ ಬಿಟ್ರಿ?" ಎಂದು ಆಗ ಕೇಳಿದರು ಅವರು. ಹೇಳಿದೆ. ಪೆನ್ನು ಕೆಳಗಿಟ್ಟರು. "ಮೊದಲೇ ಕೇಳಬೇಕಿತ್ತು ನಾನು. ತಿಂತಾ ಇದ್ದಾಗ ಮಾಡಿದ್ರೇನೇ ಈ ಪರೀಕ್ಷೆಗೆ ಅರ್ಥ. ಬಿಟ್ಟು ಇಷ್ಟು ದಿನ ಆದ್ಮೇಲೆ, ಇದ್ರೂ ಕಾಣದೇ ಹೋಗಬಹುದು. ಖಚಿತ ಆಗಬೇಕು ಅಂದ್ರೆ ಕೆಲವು ವಾರ ದಿನಾ ಬ್ರೆಡ್ ತಿಂದು ಮತ್ತೆ ಬರಬೇಕು. ಆಗಲೂ ಇಲ್ಲ ಅಂತಲೇ ಬರಬಹುದು. ಸೀಲಿಯಾಕ್ ಇಲ್ಲದೇನೂ ಗೋಧಿ ಆಗದೇ ಇರೋರು ಇದ್ದಾರೆ. ಅದಕ್ಕೆ ಹೀಗೇ ಅಂತ ತೋರಿಸೋ ಪರೀಕ್ಷೆ ಯಾವುದೂ ಇಲ್ಲ."

ಹಟಕ್ಕೆ ಬಿದ್ದು ತಿಂದೆ. ಎರಡನೇ ವಾರದಲ್ಲಿ ಹಿಟ್ಟಿನ ಮೇಜಿಗೆ ತಲೆಯಿಟ್ಟು ಕೂತವಳು ಏಳಲಾಗಲಿಲ್ಲ. ನನ್ನ ಗಂಡ ತೋಳು ಹಿಡಿದು ಎಬ್ಬಿಸಿ, "ಸಾಕು, ಹೆಸರು ತಗೊಂಡು ಏನು ಉಪ್ಪಿನಕಾಯಿ ಹಾಕ್ತೀಯಾ" ಅಂದ. ಬಿಟ್ಟುಬಿಟ್ಟೆ. ಡಾಕ್ಟರಮ್ಮ ಬೈಯಲಿಲ್ಲ. ಗೋಧಿ ಬಿಟ್ಟು ಆರಾಮಾಗಿದ್ದರೆ ಹಾಗೇ ಇರಿ, ನಡುನಡುವೆ ಬಂದು ತೋರಿಸುತ್ತಿರಿ ಎಂದು ಕಳಿಸಿದರು.

ಮನೆಯಲ್ಲಿ ಇದನ್ನು ಹೇಳುವುದು ಅಷ್ಟು ಸುಲಭವಿರಲಿಲ್ಲ. ಮಾವ ಜಗಳಗಂಟರಲ್ಲ. ಅವರು ಜೋರಾಗಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಊಟದ ಮೇಜಿನಲ್ಲಿ ನಿಧಾನವಾಗಿ ಕೇಳಿದರು.

"ಪರೀಕ್ಷೆಯಲ್ಲಿ ಏನು ಬಂತಮ್ಮ?"

"ಏನೂ ಬರಲಿಲ್ಲ ಮಾವ. ಆದ್ರೆ ಅದು..."

"ಏನೂ ಇಲ್ಲ ಅಂದ್ರೆ ಒಳ್ಳೇದೇ ಆಯ್ತಲ್ಲ."

"ಇಲ್ಲ ಅಂತಲ್ಲ ಮಾವ. ಗೊತ್ತಾಗಲಿಲ್ಲ ಅಂತ."

ಅವರು ತಟ್ಟೆಯಲ್ಲಿದ್ದ ಬ್ರೆಡ್ಡಿನ ಅಂಚನ್ನು ಮುರಿದು ಸಾರಿನಲ್ಲಿ ಅದ್ದಿ, ಬಾಯಿಗಿಡದೆ ಹಿಡಿದುಕೊಂಡರು. "ಕಾಲು ಮುರಿದ್ರೆ ಮುರಿದಿದೆ ಅಂತಾರೆ. ಜ್ವರ ಬಂದ್ರೆ ಇಷ್ಟು ಜ್ವರ ಅಂತಾರೆ. ನನ್ನ ಮೂಗು ಹೋದಾಗಲೂ ಅದಕ್ಕೊಂದು ಹೆಸರು ಹೇಳಿದ್ರು, ಉದ್ದದ್ದು. ಹೆಸರೇ ಇಲ್ಲದ್ದು ಅಂದ್ರೆ ಹೇಗಮ್ಮ? ಯೋಚನೆ ಜಾಸ್ತಿ ಮಾಡ್ತೀಯ ನೀನು. ಅದು ಹೊಟ್ಟೆಗೆ ಇಳೀತಿದೆ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಪ್ರೀತಿಯಿಂದ ಹೇಳಿದರೆ ಏನು ಮಾಡುವುದು. ತಟ್ಟೆಗೆ ಇನ್ನಷ್ಟು ಅನ್ನ ಹಾಕಿಕೊಂಡು ತಿಂದೆ. ಅವರ ಕಷ್ಟವೂ ನನಗೆ ಅರ್ಥವಾಗುತ್ತಿತ್ತು. ಅವರ ಅಜ್ಜಿ, ಅವರ ಅಪ್ಪ, ಅವರು, ಅವರ ಮಗ, ಎಲ್ಲರೂ ಈ ಬ್ರೆಡ್ ತಿಂದೇ ಬೆಳೆದವರು. ಅದು ಒಬ್ಬಳ ಮೈಗೆ ವಿಷ ಎಂದರೆ, ಅವರ ಕೈಯಡುಗೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದ ಹಾಗೆ ಅವರಿಗೆ ಅನ್ನಿಸಿರಬೇಕು.

ಬೀದಿಯಲ್ಲೂ ಸುದ್ದಿಯಾಯಿತು. ನಮ್ಮಲ್ಲಿಗೆ ದಿನಾ ಬರುವ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಅಂಚು ಕಪ್ಪಾದ ಬ್ರೆಡ್ಡೇ ಬೇಕು ಎಂದು ಹಟ ಹಿಡಿಯುವುದರಿಂದ ನಾವು ಅವರನ್ನು ಸೀದಂಚಿನ ಮೇಷ್ಟ್ರು ಎನ್ನುತ್ತೇವೆ. ಅವರು ಗಲ್ಲಾದ ಮೇಲೆ ಮೊಣಕೈ ಊರಿ, "ಬೇಕರಿ ಸೊಸೆಗೆ ಬ್ರೆಡ್ ಆಗಲ್ವಂತೆ, ಮೀನಿಗೆ ನೀರು ಆಗಲ್ಲ ಅಂದ ಹಾಗಾಯ್ತು" ಎಂದು ಅತ್ತೆಯ ಹತ್ತಿರ ನಕ್ಕರು. ಒಳಗಿದ್ದ ನನಗೆ ಕೇಳಿಸಿತು. ಮರುದಿನ ಅವರಿಗೆಂದು ತೆಗೆದಿಡುವ ಬ್ರೆಡ್ಡನ್ನು ಬೇಕೆಂದೇ ಹೊಂಬಣ್ಣಕ್ಕೆ ತೆಗೆದೆ.

ಊಟಕ್ಕೆ ಗೋಧಿ ಬಿಟ್ಟರೂ ಬೆಳಗಿನ ಆ ಒಂದು ತುಂಡನ್ನು ನಾನು ತಿನ್ನುತ್ತಿದ್ದೇನೆಂದೇ ಮಾವ ನಂಬಿದ್ದರು. ತಿಂದ ಹಾಗೆ ಮಾಡಿ ಜೇಬಿಗೆ ಹಾಕುವ ಆ ಕಳ್ಳಾಟ ಇನ್ನು ಬಹಳ ದಿನ ನಡೆಯಲಿಲ್ಲ. ಹಿಟ್ಟು ಕಲಸುವಾಗ ಉಪ್ಪು ಬಿಟ್ಟುಹೋದ ಒಂದು ದಿನ ಬಂತು. ಉಪ್ಪಿಲ್ಲದ್ದು ಮೂಗಿಗೆ ಗೊತ್ತಾಗುವುದಿಲ್ಲ. ನಾನು "ಹೋಗಲಿ" ಅಂದೆ, ಹೋಯಿತು. ಮಧ್ಯಾಹ್ನದೊಳಗೆ ಅರ್ಧ ಬೀದಿ ವಾಪಸ್ಸು ಬಂತು. ಮಾವ ಒಂದು ತುಂಡು ಬಾಯಿಗಿಟ್ಟು ನೋಡಿ ನನ್ನನ್ನು ನೋಡಿದರು. ನಾನು ಜೇಬಿನಿಂದ ಬೆಳಗಿನ ತುಂಡನ್ನು ತೆಗೆದು ಮೇಜಿನ ಮೇಲಿಟ್ಟೆ.

ಆಮೇಲೆ ಕೆಲವು ದಿನ ನನ್ನ ಗಂಡ ರುಚಿ ನೋಡಿದ. ಅವನಿಗೆ ಹಸಿದಾಗ ರಟ್ಟೂ ರುಚಿಯೇ. ಮಾವ ಒಂದು ಸಂಜೆ ಕೈ ತೊಳೆದುಕೊಳ್ಳುತ್ತಾ, "ಸ್ವಲ್ಪ ದಿನ ಅತ್ತೆ ಜೊತೆ ಗಲ್ಲಾದಲ್ಲಿ ಕೂತ್ಕೊಳಮ್ಮ. ಅಲ್ಲಿ ಹಿಟ್ಟಿನ ಧೂಳೂ ಇರಲ್ಲ. ನಾನು ಒಳಗೆ ಬೇರೆ ಯಾರನ್ನಾದ್ರೂ ನೋಡ್ತೀನಿ" ಅಂದರು. ನನ್ನ ಒಳ್ಳೆಯದಕ್ಕೇ ಹೇಳಿದ್ದು. ಆದರೆ ಭಟ್ಟಿ ಮನೆಯಿಂದ ಹೊರಗೆ ಹೋದರೆ ಮತ್ತೆ ಒಳಗೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ನನ್ನ ನಾಲಿಗೆಯನ್ನು ಅಷ್ಟು ನಂಬಿದವರು ನನ್ನ ಹೊಟ್ಟೆಯನ್ನು ನಂಬುತ್ತಿಲ್ಲವಲ್ಲ ಎಂದು ಸಂಕಟವಾಯಿತು.

"ಈ ವಾರ ಇಲ್ಲೇ ಇರ್ತೀನಿ ಮಾವ, ಆಮೇಲೆ ನೋಡೋಣ" ಅಂದೆ. ಅವರು ಹೂಂ ಅಂದರು.

ಬೇಕರಿಗೆ ವಾರಕ್ಕೊಂದು ದಿನ ರಜೆ. ಆ ರಜೆಯ ಮಧ್ಯಾಹ್ನ ನಾನು ಬಟ್ಟೆ ಒಗೆದು ಹಾಕಿ ಮೇಲಿನ ಕೋಣೆಯಲ್ಲಿ ಮಲಗಿದ್ದೆ. ಕೆಳಗೆ ಡಬ್ಬಿಗಳ ಸದ್ದಾಗುತ್ತಿತ್ತು. ಸಂಜೆ ಇಳಿದು ಬಂದರೆ ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಮುಚ್ಚಿದ ಒಂದು ಗಿಡ್ಡ ಬ್ರೆಡ್. ಮಾವ ಪಕ್ಕದಲ್ಲಿ ಹೊಸ ಮದುಮಗನ ಹಾಗೆ ಸಂಕೋಚದಿಂದ ನಿಂತಿದ್ದರು.

"ಅಕ್ಕಿ ಹಿಟ್ಟು, ಜೋಳದ ಹಿಟ್ಟು. ಬೇರೆ ಪಾತ್ರೆ, ಹೊಸ ಜರಡಿ. ಅಚ್ಚನ್ನ ಮೂರು ಸಲ ತೊಳೆದಿದೀನಿ. ಒಂದು ಚಿಟಿಕೆ ಗೋಧಿ ಮುಟ್ಟಿಸಿಲ್ಲ, ಆಣೆ" ಅಂದರು. "ಈ ಮನೇಲಿ ಬ್ರೆಡ್ ತಿನ್ನದೇ ಇರೋರು ಯಾರೂ ಇರಬಾರದು."

ನಾನು ಕುರ್ಚಿ ಎಳೆದು ಕೂತೆ. ಅತ್ತೆ ಚಾಕು ತಂದರು. ಬ್ರೆಡ್ ಇಟ್ಟಿಗೆಯಷ್ಟು ಗಟ್ಟಿ, ಕತ್ತರಿಸುವಾಗ ಪುಡಿಪುಡಿ. ಆದರೆ ಬಾಯಿಗಿಟ್ಟ ಕೂಡಲೇ ಹುಳಿಯ ಆ ಹಳೇ ಪರಿಚಯದ ರುಚಿ ಬಂತು. ಎಷ್ಟು ದಿನವಾಗಿತ್ತು. ಇದು ನಮ್ಮ ಮನೆಯ ಬ್ರೆಡ್ಡೇ ಎಂದು ನಾಲಿಗೆ ಹೇಳಿತು. ಯಾಕೆ ಹಾಗನ್ನಿಸಿತು ಎಂದು ಕೇಳಿಕೊಳ್ಳುವ ವ್ಯವಧಾನ ನನಗಿರಲಿಲ್ಲ, ಖುಷಿಯಲ್ಲಿದ್ದೆ. ಒಂದಾದ ಮೇಲೆ ಒಂದು, ನಾಲ್ಕು ತುಂಡು ತಿಂದೆ. "ಗಟ್ಟಿಯಾಗಿದೆ, ಉಪ್ಪು ಸರಿಯಾಗಿದೆ, ಹುಳಿ ಬಹಳ ಚೆನ್ನಾಗಿದೆ" ಅಂದೆ. ಮಾವ ನನ್ನ ತೀರ್ಪನ್ನು ಕೇಳಿ ಎಷ್ಟೋ ದಿನವಾಗಿತ್ತು. ಅವರು ಕೂತು ತಾವೂ ಒಂದು ತುಂಡು ತಿಂದರು.

ಮರುದಿನ ಎದ್ದಾಗ ಹೊಟ್ಟೆ ತಮಟೆಯಾಗಿತ್ತು.

ಮೊದಲು ನಂಬಲಿಲ್ಲ. ಬೇರೇನೋ ಇರಬೇಕು ಎಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಗೆಣ್ಣುಗಳು ಬಿಗಿದುಕೊಂಡವು, ಮೂರು ಸಲ ಬಚ್ಚಲಿಗೆ ಹೋದೆ, ತಲೆಯೊಳಗಿನ ಹತ್ತಿ ವಾಪಸ್ಸು ಬಂತು. ನನಗೆ ಗೊತ್ತಿದ್ದ ಅದೇ ಕಾಯಿಲೆ, ಅದೇ ಕ್ರಮದಲ್ಲಿ. ಮುಚ್ಚಿಡೋಣ ಎಂದರೆ ಮುಖವೇ ಹೇಳುತ್ತಿತ್ತು. ಮಾವ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ಗೆದ್ದೆ ಎಂಬ ಭಾವ ಅವರ ಮುಖದಲ್ಲಿ ಒಂದಿಷ್ಟೂ ಇರಲಿಲ್ಲ, ಅದೊಂದು ಅವರ ದೊಡ್ಡ ಗುಣ.

"ನಿನ್ನೆಯ ಬ್ರೆಡ್ಡಿಂದಾನೇನಮ್ಮ?"

ತಲೆಯಾಡಿಸಿದೆ.

"ಅದರಲ್ಲಿ ಗೋಧಿ ಇರಲಿಲ್ಲ" ಅಂದರು ಮೆಲ್ಲಗೆ. "ನಾನೇ ಕೈಯಾರೆ ಮಾಡಿದ್ದು. ಗೋಧಿ ಇಲ್ಲದಿದ್ರೂ ಬಂತು ಅಂದ್ರೆ, ಇದು ಗೋಧಿಯಿಂದ ಬರೋದಲ್ಲ. ಅಲ್ವಾ? ಹೆದರಿಕೆ ಹೊಟ್ಟೆ ಹೊಕ್ಕಿದೆ. ಅದೂ ಕಾಯಿಲೆನೇ, ನಾನು ಸುಳ್ಳು ಅನ್ನಲ್ಲ. ನಿಧಾನಕ್ಕೆ ಹೋಗುತ್ತೆ ಬಿಡು."

ಅವರು ಹೋದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದೆ. ಗೋಧಿಯಿಲ್ಲದ ಬ್ರೆಡ್ ತಿಂದು ಗೋಧಿಯ ಕಾಯಿಲೆ ಬಂದಿದೆ. ಹಾಗಾದರೆ ತವರಲ್ಲಿ ಹುಷಾರಾದದ್ದೂ, ಆ ಎರಡು ತಿಂಗಳು ಮುಖಕ್ಕೆ ಬಂದ ಬಣ್ಣವೂ ನನ್ನ ತಲೆಯಿಂದಲೇ ಹುಟ್ಟಿದ್ದೇನು? ಇಷ್ಟು ದಿನ ಬೇರೆಯವರು ನಂಬದಿದ್ದಾಗ ಕೋಪ ಬರುತ್ತಿತ್ತು. ಈಗ ನನ್ನ ಮೇಲೆ ನನಗೇ ನಂಬಿಕೆ ಹೋಯಿತು, ಕೋಪವೂ ಬರಲಿಲ್ಲ. ಸುಮ್ಮನೆ ಕಣ್ಣಲ್ಲಿ ನೀರು ಹರಿಯಿತು. ನನ್ನ ಗಂಡ ಬಂದು ಕಾಲ ಬಳಿ ಕೂತು ಪಾದ ಒತ್ತಿದ. ಅವನ ಬಾಯಲ್ಲೂ ತಮಾಷೆ ಇರಲಿಲ್ಲ.

"ನಾಳೆಯಿಂದ ಬ್ರೆಡ್ ತಿಂತೀನಿ" ಅಂದೆ. "ಮನಸ್ಸಿನ ಕಾಯಿಲೆ ಆದ್ರೆ ತಿಂತಾ ತಿಂತಾ ಹೋಗಬೇಕು. ಮೊದಲ ತುಂಡು ನಾನೇ ತಿಂತೀನಿ."

"ಇನ್ನೆರಡು ದಿನ ತಡಿ."

"ತಡೆದು ಏನಾಗಬೇಕು? ಅಲ್ಲಿ ಬೇರೆಯವರು ಬಂದು ನಿಂತ್ಕೊಂಡ್ಮೇಲೆ ತಿನ್ನಲಾ?"

ಬೆಳಿಗ್ಗೆ ಏಪ್ರನ್ ಕಟ್ಟಿಕೊಂಡು ಇಳಿದೆ. ಭಟ್ಟಿ ಮನೆ ಬೆಚ್ಚಗಿತ್ತು. ಮೊದಲ ಬ್ರೆಡ್ಡುಗಳು ಹೊರಗೆ ಬಂದು ಹಲಗೆಯ ಮೇಲೆ ಚಟಪಟ ಸದ್ದು ಮಾಡುತ್ತಾ ಆರುತ್ತಿದ್ದವು. ಮಾವ ನನ್ನನ್ನು ನೋಡಿ ಏನೂ ಕೇಳದೆ ಒಂದನ್ನು ಮುರಿದು, ತುಂಡನ್ನು ನನ್ನ ಅಂಗೈಗಿಟ್ಟರು. ಹಬೆಯಾಡುತ್ತಿತ್ತು. ಎಂಥ ವಾಸನೆ ಅದು. ಬೇಡವೆಂದು ಹೊಟ್ಟೆ ಹೇಳುತ್ತಿತ್ತು, ಅದರ ಮಾತು ಇನ್ನು ಕೇಳಬಾರದೆಂದು ನಾನು ತೀರ್ಮಾನಿಸಿಯಾಗಿತ್ತು.

"ಬಿಸಿ ಇದೆ, ಆರಿಸಿ ತಿನ್ನು" ಎಂದು ಮಾವ ಮೂಲೆಯ ಕಪಾಟಿನ ಕಡೆ ಹೋದರು. ಜಾಡಿಯನ್ನು ಮೇಜಿಗೆ ತಂದರು. ಅಷ್ಟರಲ್ಲಿ ಗಲ್ಲಾದಿಂದ ಅತ್ತೆಯ ದಿನದ ಕೂಗು ಬಂತು.

"ಅಜ್ಜಿಗೆ ಊಟ ಆಯ್ತಾ?"

"ಹಾಕ್ತಿದೀನಿ ಕಣೇ" ಎಂದು ಮಾವ ಹಿಟ್ಟಿನ ಮೂಟೆಗೆ ಬಟ್ಟಲು ಅದ್ದಿ ತುಂಬಿಸಿದರು. ಜಾಡಿಯ ಮುಚ್ಚಳ ತೆಗೆದರು. ಬಟ್ಟಲನ್ನು ಜಾಡಿಯ ಮೇಲೆ ಹಿಡಿದರು. ಸುರಿಯಲಿಲ್ಲ.

ನಾನು ತುಂಡನ್ನು ಊದಿ ಬಾಯ ಹತ್ತಿರ ತಂದಿದ್ದೆ. ಅವರು ಬಟ್ಟಲೊಳಗಿನ ಹಿಟ್ಟನ್ನೇ ನೋಡುತ್ತಾ ನಿಂತಿದ್ದರು. ಇಷ್ಟು ವರ್ಷ ದಿನಾ ಮಾಡಿದ ಕೆಲಸವನ್ನು ಆವತ್ತು ಮೊದಲ ಸಲ ಮಾಡುವವರ ಹಾಗೆ ಮೂಟೆಯನ್ನು ನೋಡಿದರು, ಜಾಡಿಯೊಳಗೆ ಬಗ್ಗಿ ನೋಡಿದರು.

"ತಿನ್ನಬೇಡ" ಅಂದರು.

"ಏನು ಮಾವ?"

"ಅದನ್ನ ತಿನ್ನಬೇಡ, ಇಲ್ಲಿ ಕೊಡು." ಬಂದು ನನ್ನ ಅಂಗೈಯಿಂದ ತುಂಡನ್ನು ತೆಗೆದುಕೊಂಡರು. "ಆ ಅಕ್ಕಿ ಬ್ರೆಡ್ಡಿಗೆ ಅಜ್ಜಿನ ಹಾಕಿದ್ದೆ."

ನನಗೆ ಒಂದು ಕ್ಷಣ ತಲೆಗೆ ಹತ್ತಲಿಲ್ಲ. ಆಮೇಲೆ ಹತ್ತಿತು. ನಾಲಿಗೆಗೆ ಸಿಕ್ಕ ಹಳೇ ಪರಿಚಯದ ಆ ಹುಳಿ ಎಲ್ಲಿಂದ ಬಂದಿತ್ತು ಎಂದು ಹೊಳೆಯಿತು. ಅಜ್ಜಿಯೆಂದರೆ ಗೋಧಿ. ಅಡಿಯಿಂದ ಮುಡಿಯವರೆಗೆ, ಅಷ್ಟೂ ವರ್ಷಗಳ ಗೋಧಿ.

"ಎರಡು ಬಟ್ಟಲು ತುಂಬ ಹಾಕಿದ್ದೆ" ಅಂದರು ಮಾವ. "ಅಕ್ಕಿ ಹಿಟ್ಟು ಏಳ್ತಾ ಇರಲಿಲ್ಲ ಅಂತ ಇನ್ನೊಂದು ಬಟ್ಟಲು ಬೇರೆ. ಪಾತ್ರೆ ತೊಳೆದೆ, ಜರಡಿ ತಂದೆ, ಅಚ್ಚು ಮೂರು ಸಲ ಉಜ್ಜಿದೆ. ಇದು ನೆನಪಿಗೇ ಬರಲಿಲ್ಲ. ಅಜ್ಜಿ ಅಜ್ಜಿ ಅಂತ ಕರೆದೂ ಕರೆದೂ, ಇದೂ ಹಿಟ್ಟೇ ಅನ್ನೋದೇ ಮರೆತುಹೋಗಿದೆ ನನಗೆ."

ನಾನೂ ಎಷ್ಟೋ ಬೆಳಿಗ್ಗೆ ಅದೇ ಬಟ್ಟಲಲ್ಲಿ ಅದೇ ಮೂಟೆಯಿಂದ ಹಿಟ್ಟು ಹಾಕಿದವಳು. ನನಗೂ ಹೊಳೆದಿರಲಿಲ್ಲ. ಮನೆಯ ಹಿರಿಯರನ್ನು ಯಾರು ತಾನೇ ಅನುಮಾನಿಸುತ್ತಾರೆ?

ಮಾವ ಸ್ಟೂಲಿನ ಮೇಲೆ ಕೂತರು. ತುಂಡು ಇನ್ನೂ ಅವರ ಕೈಯಲ್ಲೇ ಇತ್ತು. "ಅದರಲ್ಲಿ ಗೋಧಿ ಇದೆ ಅಂತ ನನಗೆ ಗೊತ್ತಿರಲಿಲ್ಲ" ಎಂದರು, ಒಂದೊಂದೇ ಮಾತನ್ನು ಜೋಡಿಸಿಕೊಳ್ಳುತ್ತಾ. "ನಿನಗೂ ಗೊತ್ತಿರಲಿಲ್ಲ. ಇಲ್ಲ ಅಂತ ನಾನು ಆಣೆ ಮಾಡಿ ಹೇಳಿದೆ, ನೀನು ನಂಬಿ ತಿಂದೆ. ಖುಷಿಯಾಗಿ ತಿಂದೆ, ನಾನೇ ನೋಡಿದೀನಲ್ಲ. ಹೆದರಿಕೆ ಎಲ್ಲಿತ್ತು ಅಲ್ಲಿ? ಮನಸ್ಸಿಗೆ ಗೊತ್ತೇ ಇಲ್ಲದ್ದು ಹೊಟ್ಟೆಗೆ ಹೇಗೆ ಗೊತ್ತಾಯ್ತು?"

ನಾನು ಗೋಡೆಗೆ ಒರಗಿ ನಿಂತು ಅಳತೊಡಗಿದೆ, ಈ ಸಲ ಸದ್ದು ಮಾಡಿಯೇ. ಹುಷಾರಿಲ್ಲದ್ದು ಖಾತ್ರಿಯಾಯಿತೆಂದು ಇಷ್ಟು ಸಮಾಧಾನಪಟ್ಟವರು ಲೋಕದಲ್ಲಿ ಬೇರೆ ಯಾರಾದರೂ ಇದ್ದಾರೋ ಇಲ್ಲವೋ. ಅತ್ತೆ ಗಲ್ಲಾ ಬಿಟ್ಟು ಓಡಿ ಬಂದು, "ಏನಂದ್ರಿ ಹುಡುಗಿಗೆ?" ಎಂದು ಗಂಡನನ್ನು ಗದರಿದರು.

"ಏನೂ ಅಂದಿಲ್ಲ. ನಾನು ತಪ್ಪು ತಿಳಿದಿದ್ದೆ ಅಂತ ಹೇಳ್ತಿದೀನಿ" ಅಂದರು ಮಾವ.

ಮುಂದಿನದನ್ನು ಅವರೇ ಕೈಗೆತ್ತಿಕೊಂಡರು. ಒಂದು ಗಾಜಿನ ಜಾಡಿ ಕುದಿಸಿ ಒಣಗಿಸಿ ಮೇಲಿನ ಮನೆಯ ಅಡುಗೆ ಕಟ್ಟೆಯಲ್ಲಿ, ಭಟ್ಟಿ ಮನೆಯ ಧೂಳು ಬಾರದ ಕಡೆ ಇಟ್ಟರು. ಬರೀ ಅಕ್ಕಿ ಹಿಟ್ಟು, ನೀರು. ಅಜ್ಜಿಯಿಂದ ಒಂದು ತೊಟ್ಟು ಹಾಕಿದ್ದರೆ ಬೇಗ ಹುಳಿ ಬರುತ್ತಿತ್ತು, ಆದರೆ ಅದನ್ನು ಹಾಕುವಂತಿಲ್ಲ. ಹುಳಿಹಿಟ್ಟನ್ನು ಸೊನ್ನೆಯಿಂದ ಎಬ್ಬಿಸುವ ಕೆಲಸ ಮಾವನಿಗೆ ಗೊತ್ತೇ ಇರಲಿಲ್ಲ. ಹುಟ್ಟಿದಾಗಿನಿಂದ ಅಜ್ಜಿ ಮನೆಯಲ್ಲೇ ಇದ್ದಳಲ್ಲ. ಮೊದಲನೆಯದು ಬೂಷ್ಟು ಹಿಡಿಯಿತು. ಎರಡನೆಯದು ಸುಮ್ಮನೆ ಕೂತಿತು. ಮೂರನೆಯದರಲ್ಲಿ ಒಂದು ಬೆಳಿಗ್ಗೆ ಗುಳ್ಳೆ ಕಂಡಾಗ ಅವರು ಮೆಟ್ಟಿಲ ಮೇಲಿಂದ ನನ್ನನ್ನು ಕೂಗಿದ ರೀತಿಗೆ ನನ್ನ ಗಂಡ ಬೆಂಕಿ ಬಿದ್ದಿದೆ ಎಂದು ಬಕೆಟ್ಟಿನಲ್ಲಿ ನೀರು ಹಿಡಿದು ಓಡಿ ಬಂದ. ಅದನ್ನು ಈಗ ಮನೆಯಲ್ಲಿ ಪಾಪು ಎನ್ನುತ್ತೇವೆ. ಪಾಪುವಿನ ಬ್ರೆಡ್ ಇನ್ನೂ ಗಿಡ್ಡವೇ, ಆದರೆ ಇಟ್ಟಿಗೆಯಲ್ಲ. ಅದನ್ನು ತಿಂದು ನನಗೆ ಏನೂ ಆಗುವುದಿಲ್ಲ.

ಭಟ್ಟಿ ಮನೆಯಲ್ಲಿ ನನ್ನ ಜಾಗ ನನಗೇ ಉಳಿಯಿತು. ಮೂಟೆಯಿಂದ ಹಿಟ್ಟು ಸುರಿಯುವ ಕೆಲಸ ಗಂಡನದು. ಆಗ ನಾನು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೊರಗಿರುತ್ತೇನೆ. ಮೊದಲ ಬ್ರೆಡ್ ಬಂದಾಗ ಮುರಿದು ಮೂಸುವುದು ನಾನು, ತಿನ್ನುವುದು ಮಾವ. ವಾಸನೆ ಹೋದರೂ ಉಪ್ಪು, ಹುಳಿ ಅವರ ನಾಲಿಗೆಗೆ ಮೊದಲಿನಿಂದಲೂ ಸಿಗುತ್ತಲೇ ಇತ್ತಂತೆ. ಮೂಗು ಹೋದ ಬೇಜಾರಿನಲ್ಲಿ ನಾಲಿಗೆಯ ಮೇಲೂ ನಂಬಿಕೆ ಕಳೆದುಕೊಂಡಿದ್ದರು, ಅಷ್ಟೇ. "ವಾಸನೆ?" ಎಂದು ಅವರು ಕೇಳುತ್ತಾರೆ. "ಸರಿಯಿದೆ. ಉಪ್ಪು?" ಎಂದು ನಾನು ಕೇಳುತ್ತೇನೆ. ಇಬ್ಬರೂ ಒಪ್ಪಿದರೆ "ಹೋಗಲಿ."

ಡಾಕ್ಟರಮ್ಮನಿಗೆ ಈ ಕತೆ ಹೇಳಿದೆ. ಅವರು ಬಹಳ ಹೊತ್ತು ನಕ್ಕು, ಆಮೇಲೆ ಗಂಭೀರವಾಗಿ, ಇದನ್ನೂ ಪುರಾವೆ ಎಂದು ಬರೆಯಲು ಬರುವುದಿಲ್ಲ, ಒಂದು ಸಲ ಆದದ್ದು ಒಂದೇ ಸಲ ಎಂದರು. ಗೋಧಿ ತಿಂದು ಬಂದರೆ ಪರೀಕ್ಷೆ ಈಗಲೂ ಮಾಡಬಹುದು, ಬೇಕಾ ಎಂದು ಕೇಳಿದರು. ಸದ್ಯಕ್ಕೆ ಬೇಡ ಅಂದೆ.

ಮೊನ್ನೆ ಸೀದಂಚಿನ ಮೇಷ್ಟ್ರು ಬಂದಿದ್ದರು. ಅತ್ತೆ ಎಲ್ಲಿಗೋ ಹೋಗಿದ್ದರಿಂದ ಗಲ್ಲಾದಲ್ಲಿ ಮಾವ ಕೂತಿದ್ದರು. ನಾನು ಒಳಗೆ ಮೇಜು ಒರೆಸುತ್ತಿದ್ದೆ.

"ನಿಮ್ಮ ಸೊಸೆ ಕಾಯಿಲೆ ಏನು ಅಂತ ಕೊನೆಗೂ ಗೊತ್ತಾಯ್ತಾ?" ಎಂದು ಮೇಷ್ಟ್ರು ಕೇಳುವುದು ಕೇಳಿಸಿತು. "ಹೆಸರೇನಂತೆ?"

ನಾನು ಒರೆಸುವುದನ್ನು ನಿಲ್ಲಿಸಿದೆ. ಮಾವ ಬ್ರೆಡ್ಡಿಗೆ ಕಾಗದ ಸುತ್ತುತ್ತಿದ್ದ ಸರಸರ ಸದ್ದೂ ನಿಂತಿತು.

"ಹೆಸರು ಗೊತ್ತಾಗಿಲ್ಲ ಮೇಷ್ಟ್ರೇ" ಅಂದರು ಮಾವ. "ಆದ್ರೆ ಇದೆ."

ಮತ್ತೆ ಕಾಗದದ ಸದ್ದು ಶುರುವಾಯಿತು.